ಎಲೆ ನೋಡಬ್ಯಾಡ್ರಿ, ಬೇರು ನೋಡ್ರಿ

ಕುಷ್ಟಗಿ ಸೀಮೆಯ ಕೆಂಪು ಮಸಾರಿ ನೆಲದಲ್ಲಿ ದಾಳಿಂಬೆ ಹಬ್ಬಿದಂತೆ ಸಸಿ ಮಾಡುವವರೂ ಹೆಚ್ಚಿದ್ದಾರೆ. ಒಳರಸ್ತೆಯ ಪಕ್ಕದ ಈ ಸಣ್ಣ ನರ್ಸರಿಗೆ ಬೋರ್ಡಿಲ್ಲ. ಹಸಿರು ಪರದೆಯ ಕೆಳಗೆ ಕಾಲಿಟ್ಟರೆ ಝಳ ತಟ್ಟನೆ ಇಳಿಯುತ್ತದೆ. ಸಾಲುಸಾಲು ಕರಿ ಪಾಕೀಟು, ಪ್ರತಿಯೊಂದರಲ್ಲೂ ಒಂದೊಂದು ಕಡ್ಡಿ.

ಮೂಲೆಯಲ್ಲಿ ನರ್ಸರಿಯ ಒಡತಿ ಕಡ್ಡಿ ಕತ್ತರಿಸುತ್ತ ಕೂತಿದ್ದರು. ಚಾಟನಿ ಮಾಡಿದ ತೋಟದಿಂದ ತಂದ, ವರ್ಷ ತುಂಬಿ ಬಲಿತ ರೆಂಬೆಗಳವು. ಪೆನ್ಸಿಲ್ ದಪ್ಪ, ಒಂದು ಗೇಣು ಉದ್ದ, ನಾಲ್ಕು ಗಿಣ್ಣು. ಕೆಳಗಿನ ಕತ್ತರಿ ಏಟು ಗಿಣ್ಣಿನ ಬುಡಕ್ಕೇ ಬೀಳಬೇಕು. ಬೇರು ಹೊರಡುವುದು ಹೆಚ್ಚಾಗಿ ಅಲ್ಲಿಂದಲೇ. ತಲೆ ಯಾವುದು, ಬುಡ ಯಾವುದು ಮರೆಯದಿರಲೆಂದು ಮೇಲ್ತುದಿಯನ್ನು ಓರೆಯಾಗಿ, ಬುಡವನ್ನು ನೇರವಾಗಿ ಕತ್ತರಿಸುತ್ತಾರೆ. ತಲೆಕೆಳಗಾಗಿ ನೆಟ್ಟ ಕಡ್ಡಿಗೆ ಯಾವ ಔಷಧವೂ ಇಲ್ಲ.

ಪಕ್ಕದಲ್ಲಿ ಎರಡು ಬೋಗುಣಿ. ಒಂದರಲ್ಲಿ ಆಗಷ್ಟೇ ಸೀಳಿದ ಲೋಳೆಸರದ ತಿರುಳು, ಇನ್ನೊಂದರಲ್ಲಿ ನೀರು ಬೆರೆಸಿದ ಎಳನೀರು. ಕಡ್ಡಿಯ ಬುಡವನ್ನು ಲೋಳೆಯಲ್ಲಿ ಹೊರಳಿಸಿದಾಗ ಅದು ಗಾಯಕ್ಕೆ ತೆಳ್ಳಗೆ ಅಂಟಿಕೊಂಡಿತು. ನೆಡುವವರೆಗೂ ಕಡಿದ ಬಾಯಿ ಒಣಗುವುದಿಲ್ಲ, ಅದರ ಮುಖ್ಯ ಉಪಕಾರ ಇದೇ ಎನ್ನುವುದು ನನ್ನ ಅನಿಸಿಕೆ. ತಿರುಳು ಅಂದಂದಿನದೇ ಆಗಬೇಕು. ನಿನ್ನೆಯದು ನಾರುತ್ತದೆ, ಕಡ್ಡಿಯನ್ನೂ ಕೊಳೆಸುತ್ತದೆ.

ಎಳನೀರಿನ ಕಥೆ ಬೇರೆ. 1941ರಲ್ಲೇ ಅಮೆರಿಕದ ಸಸ್ಯವಿಜ್ಞಾನಿಗಳು ದತ್ತೂರಿಯ ಎಳೆ ಭ್ರೂಣವನ್ನು ಗಾಜಿನ ಪಾತ್ರೆಯಲ್ಲಿ ಬೆಳೆಸಲು ಇದನ್ನು ಬಳಸಿದ್ದರು. ಅದರಲ್ಲಿ ಸೈಟೊಕೈನಿನ್ ಎಂಬ ಚೋದಕಗಳಿವೆ. ಆದರೆ ಅವು ಒತ್ತಾಸೆ ಕೊಡುವುದು ಹೆಚ್ಚಾಗಿ ಚಿಗುರಿಗೆ. ಬೇರಿಗೆ ಬೇಕಾದದ್ದು ಆಕ್ಸಿನ್. ದೊಡ್ಡ ನರ್ಸರಿಗಳು ಬಳಸುವ ಐಬಿಎ ಪುಡಿ ಆ ಜಾತಿಯದು. ಎಳನೀರು ಗಟ್ಟಿಯಾದಷ್ಟೂ ಒಳ್ಳೆಯದು ಎಂದು ನಂಬಿ ಕಡ್ಡಿಯನ್ನು ರಾತ್ರಿಯಿಡೀ ನೆನೆಹಾಕುವವರಿದ್ದಾರೆ. ಇವರು ತೆಳ್ಳಗೆ ಮಾಡಿ, ಸ್ವಲ್ಪ ಹೊತ್ತಷ್ಟೇ ಅದ್ದಿ ತೆಗೆಯುತ್ತಾರೆ.

"ಇದನ್ನ ನೋಡ್ರಿ ಸರ," ಎಂದು ಚೆಂದಗೆ ಚಿಗುರಿದ ಪಾಕೀಟೊಂದನ್ನು ಎತ್ತಿ ಬ್ಲೇಡಿನಿಂದ ಸೀಳಿದರು. ಮೇಲೆ ಆರೇಳು ಕೆಂಪು ಎಲೆ. ಕೆಳಗೆ ಬೇರಿನ ಎಳೆಯೂ ಇಲ್ಲ. ಕಡಿದ ಬಾಯಿಯ ಸುತ್ತ ಬಿಳಿ ಗಂಟು ಮಾತ್ರ. ಕಡ್ಡಿಯೊಳಗೆ ಕೂಡಿಟ್ಟ ಪಿಷ್ಟವನ್ನು ತಿಂದು ಎಲೆ ಬಂದಿತ್ತು. ಇನ್ನೊಂದು ವಾರ ಬಿಸಿಲು ಏರಿದರೆ ಈ ಎಲೆಗಳೇ ಇದ್ದ ನೀರನ್ನೂ ಖಾಲಿ ಮಾಡಿ ಕಡ್ಡಿಯನ್ನು ಒಣಗಿಸುತ್ತಿದ್ದವು. "ಗಿರಾಕಿ ಎಲಿ ನೋಡಿ ಒಯ್ತಾರ್ರಿ. ನಾ ತಳದಾಗ ಬೇರು ಕಂಡ ಮ್ಯಾಲೆ ಕೊಡೋದು." ದಾಳಿಂಬೆಗೆ ಅದಕ್ಕೆ ಸುಮಾರು ಎರಡು ತಿಂಗಳು ಕಾಯಬೇಕು.

ಜೀವಾಮೃತದ ಪೀಪಾಯಿಯೂ ಇದೆ, ಆದರೆ ಹೊರಗೆ. ಬೇರು ಬಿಟ್ಟ ಮೇಲಷ್ಟೇ ಅದರ ಸರದಿ. ಹಸಿ ಗಾಯಕ್ಕೆ ಸಗಣಿ ನೀರು ತಾಗಬಾರದೆಂಬುದು ಇವರ ಕಟ್ಟುನಿಟ್ಟು.

ಯಾವ ಲೋಳೆಗಿಂತಲೂ ದೊಡ್ಡದು ತಾಯಿಗಿಡ. ಈ ಭಾಗದ ಎಷ್ಟೋ ತೋಟಗಳನ್ನು ದುಂಡಾಣು ಅಂಗಮಾರಿ ಬೋಳಿಸಿದೆ, ರೋಗ ಹೊಸ ತೋಟಕ್ಕೆ ನಡೆದು ಬರುವ ದಾರಿಗಳಲ್ಲಿ ಕಡ್ಡಿಯೂ ಒಂದು. ಎಲೆಯ ಮೇಲೆ ಎಣ್ಣೆ ಹತ್ತಿದಂಥ ಕಲೆ ಕಂಡ ಗಿಡದಿಂದ ಇವರು ಒಂದು ತುಂಡೂ ತರುವುದಿಲ್ಲ. "ರೋಗದ ಗಿಡದ ಕಡ್ಡಿಗೆ ಅಮೃತ ಹಚ್ಚಿದ್ರೂ ಅಷ್ಟ ರೀ."

ಹಿಂದಿನ ಮಡಿಯಲ್ಲಿ ಅಂಜೂರ ಇತ್ತು. ಏನೂ ಹಚ್ಚದ ಸಾಲು ಯಾವುದು, ಲೋಳೆ ಹಚ್ಚಿದ್ದು ಯಾವುದು ಎಂದು ನನಗೆ ಗುರುತು ಸಿಗಲಿಲ್ಲ. ಅಂಜೂರದ ಕಡ್ಡಿ ಹದವಾದ ತೇವ ಸಿಕ್ಕರೆ ತಾನೇ ಬೇರು ಬಿಡುವಂಥದ್ದು. ಮಾವಿನ ಕಡ್ಡಿಯದ್ದು ಇದಕ್ಕೆ ಉಲ್ಟಾ. ಅದಕ್ಕೆ ಎಷ್ಟು ಎಳನೀರು ಕುಡಿಸಿದರೂ ಕಸಿಯೇ ಗತಿ. ಉಪಯೋಗ ಕಾಣುವುದು ನಡುವಿನ ದಾಳಿಂಬೆಯಂಥವಕ್ಕೆ. ಅದಕ್ಕಾಗಿಯೇ ಪ್ರತಿ ಸಲವೂ ಒಂದು ಸಾಲು ದಾಳಿಂಬೆಗೆ ಏನನ್ನೂ ಹಚ್ಚದೆ ಬಿಟ್ಟು, ಪಾಕೀಟಿಗೆ ಬಿಳಿ ದಾರ ಕಟ್ಟಿರುತ್ತಾರೆ. ಈ ಸಲದ ದಾರದ ಸಾಲನ್ನು ಇನ್ನೂ ಬಿಚ್ಚಿ ನೋಡಿಲ್ಲ.