ಊರಿನ ಶಾಲೆಗಳನ್ನು ಹೋಲಿಸುವಾಗ ಫಲಿತಾಂಶದ ಶೇಕಡಾ ಮಾತ್ರ ಸಾಕೆ?

ಬೇಸಗೆ ರಜೆ ಸಮೀಪಿಸಿತೆಂದರೆ ಮುಂಬಯಿಯ ನಮ್ಮ ಸಂಘ-ಸಂಸ್ಥೆಗಳಿಗೆ ಊರಿನ ಸರಕಾರಿ ಶಾಲೆಗಳಿಂದ ಮನವಿ ಪತ್ರಗಳು ಬರತೊಡಗುತ್ತವೆ. ಒಂದು ಶಾಲೆಗೆ ಶತಮಾನೋತ್ಸವ, ಇನ್ನೊಂದಕ್ಕೆ ರಂಗಮಂದಿರ, ಮತ್ತೊಂದಕ್ಕೆ ಶಾಲಾ ವಾಹನ. ಹಗಲು ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಕಲಿತವರು ನಮ್ಮಲ್ಲಿ ಬಹಳ ಮಂದಿ. ಶಾಲೆಯೆಂದರೆ ಅಂಥವರ ಕೈ ತಾನಾಗಿಯೇ ಜೇಬಿಗೆ ಹೋಗುತ್ತದೆ. ಆದರೆ ಇರುವ ಹಣ ಒಂದೇ ಶಾಲೆಗೆ ಸಾಕಾಗುವಷ್ಟು, ಬಂದ ಪತ್ರಗಳು ಐದು ಎಂದಾಗ ಸಭೆಯಲ್ಲಿ ಮೊದಲು ಕೇಳಿಬರುವ ಪ್ರಶ್ನೆ, “ಅಲ್ಲಿ ರಿಸಲ್ಟ್ ಎಷ್ಟು?” ಎಂಬುದು.

ಈ ಪ್ರಶ್ನೆಗೆ ಸಿಗುವ ಉತ್ತರವನ್ನು ಎಷ್ಟರಮಟ್ಟಿಗೆ ನಂಬಬಹುದು? 2023ರಲ್ಲಿ ಕರ್ನಾಟಕದ ಎಸ್ಸೆಸ್ಸೆಲ್ಸಿ ಫಲಿತಾಂಶ ಶೇ. 83.89. ಆ ವರ್ಷ ಚಿತ್ರದುರ್ಗ ಜಿಲ್ಲೆ ಪ್ರಥಮ. ಉಡುಪಿ ಮೊದಲ ಹತ್ತರಲ್ಲೂ ಇರಲಿಲ್ಲ. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಸಿಸಿಟಿವಿ ವೆಬ್‌ಕಾಸ್ಟಿಂಗ್ ಬಂತು. ಕೃಪಾಂಕ ಹೆಚ್ಚಿಸಿದ ಮೇಲೂ ರಾಜ್ಯದ ಫಲಿತಾಂಶ ಶೇ. 73.40ಕ್ಕೆ ಇಳಿಯಿತು, ಉಡುಪಿ ಶೇ. 94 ಪಡೆದು ಪ್ರಥಮ ಸ್ಥಾನಕ್ಕೇರಿತು. ಒಂದೇ ವರ್ಷದಲ್ಲಿ ಮಕ್ಕಳ ಬುದ್ಧಿಯಾಗಲಿ ಶಿಕ್ಷಕರ ಪಾಠವಾಗಲಿ ಇಷ್ಟು ಬದಲಾಗದು. ಬದಲಾದದ್ದು ಪರೀಕ್ಷೆ ನಡೆದ ಕ್ರಮ.

ಜಿಲ್ಲೆಯ ಮಟ್ಟದಲ್ಲೇ ಹೀಗಾದರೆ ಹಳ್ಳಿಯ ಒಂದೊಂದು ಶಾಲೆಯ ಲೆಕ್ಕ ಇನ್ನೂ ನಾಜೂಕಿನದು. ಹತ್ತು ಮಕ್ಕಳು ಪರೀಕ್ಷೆಗೆ ಕುಳಿತ ಪ್ರೌಢಶಾಲೆಯಲ್ಲಿ ಒಬ್ಬ ಹುಡುಗನಿಗೆ ಜ್ವರ ಬಂದು ಅನುತ್ತೀರ್ಣನಾದರೆ ಫಲಿತಾಂಶ ಶೇ. 90. ನೂರು ಮಕ್ಕಳ ಶಾಲೆಯಲ್ಲಿ ಅದೇ ಶೇ. 90 ಆಗಬೇಕಾದರೆ ಹತ್ತು ಮಕ್ಕಳು ಅನುತ್ತೀರ್ಣರಾಗಬೇಕು. ಇನ್ನು ಒಂದರಿಂದ ಐದನೇ ತರಗತಿಯವರೆಗಿನ ಕಿರಿಯ ಪ್ರಾಥಮಿಕ ಶಾಲೆಗೆ ಎಸ್ಸೆಸ್ಸೆಲ್ಸಿಯೇ ಇಲ್ಲ. ಅದನ್ನು ನಾವು ಕಟ್ಟಡ ಮತ್ತು ಬಣ್ಣ ನೋಡಿಯೇ ಅಳೆಯುತ್ತೇವೆ.

ಉಡುಪಿ ಜಿಲ್ಲೆಯ ಬೈಂದೂರು ತಾಲೂಕನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. 2018ರಲ್ಲಿ ಕುಂದಾಪುರದಿಂದ ಬೇರ್ಪಟ್ಟ ಈ ತಾಲೂಕಿನ ಒಂದು ಅಂಚು ಕಡಲು, ಇನ್ನೊಂದು ಅಂಚು ಘಟ್ಟ. ಶಿರೂರು, ಉಪ್ಪುಂದ, ನಾವುಂದದ ಕಡೆ ಹೆದ್ದಾರಿಯಿದೆ, ಬಸ್ಸಿದೆ, ಜನವಸತಿ ಒತ್ತಾಗಿದೆ. ಕೊಲ್ಲೂರು, ಜಡ್ಕಲ್, ಮುದೂರು, ಗೋಳಿಹೊಳೆಯ ಕಡೆ ಕಾಡು, ತೋಟ, ದೂರದೂರದ ಮನೆಗಳು. ಹೆದ್ದಾರಿ ಬದಿಯ ಶಾಲೆಯನ್ನೂ ಘಟ್ಟದ ಬುಡದ ಶಾಲೆಯನ್ನೂ ಒಂದೇ ತಕ್ಕಡಿಯಲ್ಲಿಟ್ಟರೆ ನ್ಯಾಯವಾಗದು.

ಮೊದಲು ಶಿಕ್ಷಕರ ಲೆಕ್ಕ ನೋಡೋಣ. 2010ರ ಎಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯಂತೆ 60 ಮಕ್ಕಳವರೆಗಿನ ಕಿರಿಯ ಪ್ರಾಥಮಿಕ ಶಾಲೆಗೆ ಇಬ್ಬರು ಶಿಕ್ಷಕರು. 24 ಮಕ್ಕಳಿಗೆ ಇಬ್ಬರು ಶಿಕ್ಷಕರೆಂದರೆ 12 ಮಕ್ಕಳಿಗೆ ಒಬ್ಬರು. ಕಾಗದದಲ್ಲಿ ಪೇಟೆಯ ದುಬಾರಿ ಶಾಲೆಗಿಂತಲೂ ಉತ್ತಮ. ಆದರೆ ಆ ಇಬ್ಬರೇ ಐದು ತರಗತಿ ನೋಡಬೇಕು, ಬಿಸಿಯೂಟದ ಲೆಕ್ಕ ಬರೆಯಬೇಕು, ಇಲಾಖೆಯ ಸಭೆಗೂ ಹೋಗಬೇಕು. ಒಬ್ಬರು ಸಭೆಗೆ ಹೋದ ದಿನ ಅದು ಏಕೋಪಾಧ್ಯಾಯ ಶಾಲೆ. ಆದುದರಿಂದ ಕೇಳಬೇಕಾದದ್ದು, ಮಂಜೂರಾದ ಹುದ್ದೆಗಳೆಷ್ಟು, ಅದರಲ್ಲಿ ಖಾಯಂ ಶಿಕ್ಷಕರೆಷ್ಟು, ಅತಿಥಿ ಶಿಕ್ಷಕರೆಷ್ಟು ಎಂದು.

ಎರಡನೆಯದು ದಾರಿ. ಕಾಯ್ದೆಯ ನಿಯಮಗಳು ಐದನೇ ತರಗತಿಯವರೆಗೆ 1 ಕಿ.ಮೀ., ಎಂಟನೆಯವರೆಗೆ 3 ಕಿ.ಮೀ. ಒಳಗೆ ಶಾಲೆಯಿರಬೇಕೆನ್ನುತ್ತವೆ. ನಕ್ಷೆಯ ಕಿಲೋಮೀಟರಿಗೂ ಆಷಾಢದ ಮಳೆಯಲ್ಲಿ ಪುಟ್ಟ ಕಾಲು ನಡೆಯುವ ಕಿಲೋಮೀಟರಿಗೂ ವ್ಯತ್ಯಾಸವಿದೆ. 2022ರ ಮಳೆಗಾಲದಲ್ಲಿ ಬೈಂದೂರು ಭಾಗದಲ್ಲಿ ಶಾಲೆಯಿಂದ ಮನೆಗೆ ಮರಳುತ್ತಿದ್ದ ಪುಟ್ಟ ಬಾಲಕಿಯೊಬ್ಬಳು ಕಾಲುಸಂಕದಿಂದ ತುಂಬಿ ಹರಿಯುವ ಹೊಳೆಗೆ ಬಿದ್ದು ಪ್ರಾಣ ಕಳೆದುಕೊಂಡಳು. ಮಕ್ಕಳು ಕಡಿಮೆಯಾದ ಶಾಲೆಯನ್ನು ಪಕ್ಕದ ಶಾಲೆಯೊಂದಿಗೆ ವಿಲೀನಗೊಳಿಸುವ ಮಾತು ಬಂದಾಗಲೆಲ್ಲ ಈ ಘಟನೆ ನೆನಪಾಗಬೇಕು. ಹೊಳೆಯ ಈಚೆಗಿರುವ ಎಂಟು ಮಕ್ಕಳ ಶಾಲೆ ಸೋತ ಶಾಲೆಯಲ್ಲ. ಆ ಎಂಟು ಮಕ್ಕಳು ಹೊಳೆ ದಾಟದಂತೆ ಕಾಯುತ್ತಿರುವುದೇ ಅದು.

ಮೂರನೆಯದು ಮಕ್ಕಳು ಉಳಿಯುವ ಲೆಕ್ಕ. ಬ್ಯಾಂಕಿನಲ್ಲಿ ಪಾಸ್‌ಬುಕ್ಕಿನ ಕೊನೆಯ ಸಾಲು ಮಾತ್ರ ನೋಡಿ ಖಾತೆ ಹೇಗೆ ನಡೆದಿದೆಯೆಂದು ಹೇಳಲಾಗದು, ಆರಂಭದ ಶಿಲ್ಕನ್ನೂ ನೋಡಬೇಕು. ಹಾಗೆಯೇ ಒಂದನೇ ತರಗತಿಗೆ ಸೇರಿದ ಮಕ್ಕಳಲ್ಲಿ ಏಳನೆಯ ತರಗತಿ ಮುಗಿಸಿದವರೆಷ್ಟು, ಅವರಲ್ಲಿ ಪ್ರೌಢಶಾಲೆಗೆ ಸೇರಿದ ಹುಡುಗಿಯರೆಷ್ಟು ಎಂದು ಕೇಳಬೇಕು. ಕಲಿಕೆಯಲ್ಲಿ ಹಿಂದುಳಿದವರನ್ನು ಒಂಬತ್ತರಲ್ಲೇ ಬಿಡಿಸಿ ಶೇ. 100 ತೋರಿಸುವ ಶಾಲೆಗಿಂತ, ಅಂಥವರನ್ನೂ ಕೈಹಿಡಿದು ಹತ್ತನೆಯವರೆಗೆ ತಂದು ಶೇ. 80 ಪಡೆಯುವ ಶಾಲೆ ಹೆಚ್ಚು ದುಡಿದಿದೆ.

ಈ ಮಾಹಿತಿ ಪಡೆಯುವುದು ಕಷ್ಟವಲ್ಲ. ಪ್ರತಿ ಶಾಲೆಗೂ 11 ಅಂಕಿಗಳ ಯು-ಡೈಸ್ ಸಂಖ್ಯೆಯಿದೆ. ಅದನ್ನು ಹಾಕಿದರೆ ಕೇಂದ್ರ ಶಿಕ್ಷಣ ಸಚಿವಾಲಯದ ತಾಣದಲ್ಲಿ ಮಕ್ಕಳ ಸಂಖ್ಯೆ, ಶಿಕ್ಷಕರ ಸಂಖ್ಯೆ, ಶೌಚಾಲಯ, ಕುಡಿಯುವ ನೀರಿನ ವಿವರ ಮನೆಯಲ್ಲೇ ಕುಳಿತು ನೋಡಬಹುದು. ದಾರಿ, ಹೊಳೆ, ಖಾಲಿ ಹುದ್ದೆಯ ವಿಚಾರವನ್ನು ಶಾಲಾಭಿವೃದ್ಧಿ ಸಮಿತಿಯ ಹೆತ್ತವರಲ್ಲಿ ವಿಚಾರಿಸಬೇಕು. ಊರಿಗೆ ಹೋದಾಗ ಮುಖ್ಯೋಪಾಧ್ಯಾಯರನ್ನು ಕಂಡು ಒಂದು ಗಂಟೆ ಮಾತನಾಡಿದರೆ ಮನವಿ ಪತ್ರದಲ್ಲಿಲ್ಲದ ಅನೇಕ ಸಂಗತಿಗಳು ತಿಳಿಯುತ್ತವೆ.

ಮಹಾದ್ವಾರ ಮತ್ತು ರಂಗಮಂದಿರದ ಮೇಲೆ ದಾನಿಯ ಹೆಸರು ಕೆತ್ತಬಹುದು. ಗೌರವ ಶಿಕ್ಷಕಿಯ ಸಂಬಳದ ಮೇಲೆ, ವಾಹನದ ಡೀಸೆಲಿನ ಮೇಲೆ ಹೆಸರು ಕೆತ್ತಲಾಗದು. ವಾಹನ ಕೊಡಿಸುವುದು ಒಂದು ಬಾರಿಯ ಖರ್ಚು, ಚಾಲಕನ ಸಂಬಳ ಮತ್ತು ವಿಮೆ ಪ್ರತಿ ವರ್ಷದ್ದು. ಐದು ವರ್ಷ ಕೊಡಲು ಸಾಧ್ಯವಾಗುವ ಸಣ್ಣ ಮೊತ್ತ, ಒಮ್ಮೆ ಕೊಟ್ಟು ಮರೆಯುವ ದೊಡ್ಡ ಮೊತ್ತಕ್ಕಿಂತ ಶಾಲೆಗೆ ಉಪಕಾರಿ. ಈ ಸಲ ಕಾರ್ಯಕಾರಿ ಸಮಿತಿಯ ಮುಂದೆ ಪತ್ರಗಳು ಬಂದಾಗ ರಿಸಲ್ಟ್ ಕೇಳುವ ಜತೆಗೆ ಶಿಕ್ಷಕರೆಷ್ಟು, ದಾರಿ ಹೇಗಿದೆ, ಸೇರಿದವರಲ್ಲಿ ಉಳಿದವರೆಷ್ಟು ಎಂಬ ಮೂರು ಪ್ರಶ್ನೆಗಳನ್ನೂ ಕೇಳೋಣ. ಪತ್ರ ಬರೆಯಲೂ ಪುರುಸೊತ್ತಿಲ್ಲದ ಇಬ್ಬರು ಶಿಕ್ಷಕರ ಶಾಲೆಯೊಂದು ಘಟ್ಟದ ಬುಡದಲ್ಲಿದ್ದರೆ, ಅದನ್ನು ಹುಡುಕಿ ಹೋಗುವ ಕೆಲಸವೂ ನಮ್ಮದೇ.