ಐಇಎಲ್‌ಟಿಎಸ್ ರೀಡಿಂಗ್ ಪರೀಕ್ಷೆ: ಮನೆಯಲ್ಲೇ ತಯಾರಿ ಹೇಗೆ?

ಪ್ರವಾದಿ ಮುಹಮ್ಮದ್(ಸ)ರಿಗೆ ಅವತೀರ್ಣವಾದ ಮೊದಲ ಪದವೇ ಓದುವಂತೆ ಆಜ್ಞಾಪಿಸುವ ಪದ. ಇಲ್ಮ್‌ನ ಮಹತ್ವದ ಬಗ್ಗೆ ಜುಮಾ ಖುತ್ಬಾ ನಡೆದಾಗಲೆಲ್ಲ ನಾವು ಇದನ್ನು ಕೇಳುತ್ತೇವೆ. ಪರರ ಭಾಷೆ ಕಲಿಯುವುದೂ ಇದೇ ದಾರಿಯ ಒಂದು ಹೆಜ್ಜೆ. ಯಹೂದಿಯರ ಪತ್ರಗಳನ್ನು ಓದಲು ಅವರ ಬರಹ ಕಲಿಯುವಂತೆ ಪ್ರವಾದಿ(ಸ) ಯುವ ಸಹಾಬಿ ಝೈದ್ ಬಿನ್ ಸಾಬಿತ್(ರ)ರಿಗೆ ಹೇಳಿದರು. ಅವರು ಹದಿನೈದು ದಿನದೊಳಗೆ ಅದನ್ನು ಕಲಿತರೆಂದು ತಿರ್ಮಿದಿಯ ವರದಿಯಲ್ಲಿದೆ. ಕೆಲಸಕ್ಕೆ ಬೇಕಾದ ಭಾಷೆಯನ್ನು ಗುರಿಯಿಟ್ಟು ಕಲಿತ ಉದಾಹರಣೆ ಇದು.

ಆಳಂದ, ಅಫಜಲಪುರ, ಜೇವರ್ಗಿಯ ನಮ್ಮ ಮಕ್ಕಳು ಮನೆಯಲ್ಲಿ ದಖನಿ ಉರ್ದು, ಶಾಲೆಯಲ್ಲಿ ಕನ್ನಡ, ಮದ್ರಸಾದಲ್ಲಿ ಅರಬಿ ಅಕ್ಷರ ಕಲಿತವರು. ಗಡಿಯ ಊರುಗಳಲ್ಲಿ ಮರಾಠಿಯೂ ಕಿವಿಗೆ ಬೀಳುತ್ತದೆ. ಹೀಗೆ ಮೂರು ನಾಲ್ಕು ಭಾಷೆ ನಿಭಾಯಿಸುವ ಮಕ್ಕಳು ನರ್ಸಿಂಗ್ ಅಥವಾ ಬಿ.ಇ. ಮುಗಿಸಿ ಹೊರದೇಶಕ್ಕೆ ಹೊರಟಾಗ ಇಂಗ್ಲಿಷ್ ಪರೀಕ್ಷೆಯ ಹೆಸರಿಗೇ ಹೆದರುತ್ತಾರೆ. ಶುಲ್ಕವೇ ಸಾವಿರಾರು ರೂಪಾಯಿ ಆಗುತ್ತದೆ. ತೊಗರಿ ಮಾರಿ ಬಂದ ಹಣದಲ್ಲಿ ಇಷ್ಟು ತೆಗೆದಿಡುವುದು ಸಣ್ಣ ಮಾತಲ್ಲ. ಆದ್ದರಿಂದ ಪರೀಕ್ಷೆಯನ್ನು ಮೊದಲು ಅರ್ಥ ಮಾಡಿಕೊಂಡು, ಆಮೇಲೆ ಹಣ ಕಟ್ಟುವುದು ಒಳ್ಳೆಯದು.

ಪರೀಕ್ಷೆ ಹೇಗಿರುತ್ತದೆ?

ಐಇಎಲ್‌ಟಿಎಸ್‌ನಲ್ಲಿ ನಾಲ್ಕು ವಿಭಾಗಗಳಿವೆ: ಆಲಿಸುವುದು, ಓದುವುದು, ಬರೆಯುವುದು, ಮಾತನಾಡುವುದು. ಓದುವ ವಿಭಾಗಕ್ಕೆ 60 ನಿಮಿಷ, 40 ಪ್ರಶ್ನೆ. ಪ್ರತಿ ಸರಿಯುತ್ತರಕ್ಕೆ ಒಂದು ಅಂಕ. ತಪ್ಪಿಗೆ ಅಂಕ ಕಡಿತವಿಲ್ಲ, ಹಾಗಾಗಿ ಯಾವ ಪ್ರಶ್ನೆಯನ್ನೂ ಖಾಲಿ ಬಿಡಬಾರದು. ಉತ್ತರ ದಾಖಲಿಸಲು ಬೇರೆ ಸಮಯ ಕೊಡುವುದಿಲ್ಲ, ಎಲ್ಲವೂ ಆ 60 ನಿಮಿಷದೊಳಗೇ ಆಗಬೇಕು.

ಅಕಾಡೆಮಿಕ್ ಮತ್ತು ಜನರಲ್ ಟ್ರೇನಿಂಗ್ ಎಂದು ಇದರಲ್ಲಿ ಎರಡು ಬಗೆ. ವಿಶ್ವವಿದ್ಯಾಲಯ ಸೇರುವವರಿಗೆ ಸಾಮಾನ್ಯವಾಗಿ ಅಕಾಡೆಮಿಕ್ ಬೇಕು. ಅದರಲ್ಲಿ ಮೂರು ಉದ್ದನೆಯ ಲೇಖನಗಳಿರುತ್ತವೆ. 40ರಲ್ಲಿ ಸುಮಾರು 23 ಸರಿಯಾದರೆ 6ನೇ ಬ್ಯಾಂಡ್, ಸುಮಾರು 30 ಸರಿಯಾದರೆ 7ನೇ ಬ್ಯಾಂಡ್. ಜನರಲ್‌ನಲ್ಲಿ ಗದ್ಯ ಸುಲಭವಾದ ಕಾರಣ 7 ಸಿಗಲು ಸುಮಾರು 34 ಸರಿಯಿರಬೇಕು.

ಬ್ರಿಟನ್ನಿನ ನರ್ಸಿಂಗ್ ನೋಂದಣಿ ಸಂಸ್ಥೆ ಓದು, ಆಲಿಸುವಿಕೆ, ಮಾತು ಮೂರರಲ್ಲೂ 7 ಮತ್ತು ಬರವಣಿಗೆಯಲ್ಲಿ 6.5 ಕೇಳುತ್ತದೆ. ನರ್ಸ್‌ಗಳಿಗೆ ಒಇಟಿ ಎಂಬ ಇನ್ನೊಂದು ಪರೀಕ್ಷೆಯೂ ಇದೆ. ಅದರ ಓದುವ ವಿಭಾಗದಲ್ಲಿ 42 ಪ್ರಶ್ನೆ, ಮೊದಲ 20ಕ್ಕೆ 15 ನಿಮಿಷ ಮಾತ್ರ. ನೀವು ಸೇರಬೇಕಾದ ಸಂಸ್ಥೆ ಯಾವ ಪರೀಕ್ಷೆ, ಎಷ್ಟು ಬ್ಯಾಂಡ್ ಕೇಳುತ್ತದೆ ಎಂಬುದನ್ನು ಅದರ ಅಧಿಕೃತ ಜಾಲತಾಣದಲ್ಲೇ ನೋಡಿ. ಏಜೆಂಟರ ಬಾಯಿಮಾತನ್ನು ನಂಬಿ ಹಣ ಕಟ್ಟಬೇಡಿ.

ಎಲ್ಲರೂ ಎಡವುವ ಪ್ರಶ್ನೆ

ಒಂದು ಹೇಳಿಕೆ ಕೊಟ್ಟು ಅದು ಟ್ರೂ, ಫಾಲ್ಸ್, ನಾಟ್ ಗಿವನ್ ಇವುಗಳಲ್ಲಿ ಯಾವುದೆಂದು ಕೇಳುತ್ತಾರೆ. ಜಾಣ ಮಕ್ಕಳೂ ಇಲ್ಲಿ ಅಂಕ ಕಳೆದುಕೊಳ್ಳುತ್ತಾರೆ. ನಮ್ಮೂರಿನದೇ ಒಂದು ಉದಾಹರಣೆ ನೋಡೋಣ. ಗದ್ಯದಲ್ಲಿ ಹೀಗಿದೆ ಎಂದುಕೊಳ್ಳಿ: ‘ಭೀಮಾ ನದಿ ಮಹಾರಾಷ್ಟ್ರದಲ್ಲಿ ಹುಟ್ಟಿ, ಅಫಜಲಪುರ, ಜೇವರ್ಗಿ ತಾಲೂಕುಗಳಲ್ಲಿ ಹರಿದು, ಮುಂದೆ ಕೃಷ್ಣೆಯನ್ನು ಸೇರುತ್ತದೆ.’

‘ಭೀಮಾದ ನೀರು ಕೃಷ್ಣಾ ನದಿಗೆ ಹೋಗುತ್ತದೆ’ ಎಂಬ ಹೇಳಿಕೆ ಟ್ರೂ. ಪದ ಬೇರೆ, ಅರ್ಥ ಅದೇ. ‘ಭೀಮಾ ಕರ್ನಾಟಕದಲ್ಲಿ ಹುಟ್ಟುತ್ತದೆ’ ಎಂಬುದು ಫಾಲ್ಸ್, ಏಕೆಂದರೆ ಗದ್ಯ ಅದಕ್ಕೆ ವಿರುದ್ಧವಾಗಿ ಹೇಳಿದೆ. ‘ಭೀಮಾ ಕೃಷ್ಣೆಯ ಅತಿ ಉದ್ದದ ಉಪನದಿ’ ಎಂಬುದು ನಾಟ್ ಗಿವನ್. ನಿಮ್ಮ ಭೂಗೋಳ ಪುಸ್ತಕ ಏನೇ ಹೇಳಲಿ, ಈ ಗದ್ಯ ಉದ್ದದ ಮಾತನ್ನೇ ಎತ್ತಿಲ್ಲ.

ಕುರ್‌ಆನಿನ ಬನೀ ಇಸ್ರಾಈಲ್ ಸೂರಃದ 36ನೇ ಆಯತ್ ನಮಗೆ ಅರಿವಿಲ್ಲದ ವಿಷಯದ ಬೆನ್ನು ಹತ್ತದಂತೆ ಎಚ್ಚರಿಸುತ್ತದೆ. ಬಂದ ಸುದ್ದಿಯನ್ನು ಪರಿಶೀಲಿಸುವಂತೆ ಹುಜುರಾತ್ ಸೂರಃದ 6ನೇ ಆಯತ್ ಆದೇಶಿಸುತ್ತದೆ. ಓದಿದ್ದಕ್ಕೆ ತನ್ನ ಊಹೆ ಸೇರಿಸದ ಅಭ್ಯಾಸ ಪರೀಕ್ಷೆಯಲ್ಲೂ ನೆರವಾಗುತ್ತದೆ, ವಾಟ್ಸಾಪ್‌ನಲ್ಲಿ ಬಂದದ್ದನ್ನು ಮುಂದೆ ಕಳಿಸುವ ಮೊದಲೂ ನೆರವಾಗುತ್ತದೆ.

ದಿನಚರಿ

ಮೂರು ತಿಂಗಳ ಸಮಯವಿಟ್ಟುಕೊಳ್ಳಿ. ಫಜ್ರ್ ನಮಾಝ್ ಆದ ಮೇಲೆ ಮನೆ ಶಾಂತವಾಗಿರುವ ಅರ್ಧ ಗಂಟೆ ಸಾಕು.

ಮೊದಲ ತಿಂಗಳು ಗಡಿಯಾರ ನೋಡಬೇಡಿ. ದಿನಕ್ಕೊಂದು ಇಂಗ್ಲಿಷ್ ಪತ್ರಿಕಾ ಲೇಖನ ಓದಿ, ಪ್ರತಿ ಪ್ಯಾರಾದ ಸಾರವನ್ನು ಕನ್ನಡದಲ್ಲೋ ಉರ್ದುವಿನಲ್ಲೋ ಒಂದು ಸಾಲಿನಲ್ಲಿ ಬರೆಯಿರಿ. ಪ್ಯಾರಾಗಳಿಗೆ ತಲೆಬರಹ ಹೊಂದಿಸುವ ಪ್ರಶ್ನೆಗೆ ಇದೇ ತಯಾರಿ. ಹೊಸ ಪದವನ್ನು ಒಂಟಿಯಾಗಿ ಬರೆಯದೆ, ಅದೇ ಅರ್ಥದ ಇನ್ನೆರಡು ಪದಗಳ ಜೊತೆ ಬರೆದುಕೊಳ್ಳಿ. ಗದ್ಯದಲ್ಲಿ ಒಂದು ಪದವಿದ್ದರೆ ಪ್ರಶ್ನೆಯಲ್ಲಿ ಅದರ ಸಮಾನಾರ್ಥಕ ಪದ ಇರುತ್ತದೆ.

ಎರಡನೇ ತಿಂಗಳು ಒಂದು ಲೇಖನಕ್ಕೆ 20 ನಿಮಿಷ ಎಂದು ಅಳೆಯಿರಿ. ಪ್ರಶ್ನೆ ಓದಿ, ಅದರಲ್ಲಿನ ಹೆಸರು, ಇಸವಿ, ಸಂಖ್ಯೆ ಹಿಡಿದು ಗದ್ಯದಲ್ಲಿ ಜಾಗ ಹುಡುಕಿ. ಟ್ರೂ, ಫಾಲ್ಸ್ ಪ್ರಶ್ನೆಗಳ ಉತ್ತರ ಗದ್ಯದಲ್ಲಿ ಕ್ರಮವಾಗಿಯೇ ಬರುತ್ತದೆ, ತಲೆಬರಹದ ಪ್ರಶ್ನೆಗೆ ಆ ಕ್ರಮವಿಲ್ಲ. ‘ಎರಡು ಪದಕ್ಕಿಂತ ಹೆಚ್ಚು ಬೇಡ’ ಎಂಬ ಸೂಚನೆಯಿದ್ದರೆ ಮೂರು ಪದ ಬರೆದವರಿಗೆ ಅಂಕವಿಲ್ಲ. ಕಾಗುಣಿತ ತಪ್ಪಿದರೂ ಅಂಕ ಹೋಗುತ್ತದೆ.

ಮೂರನೇ ತಿಂಗಳು ವಾರಕ್ಕೆರಡು ಪೂರ್ಣ ಪರೀಕ್ಷೆ ಬರೆಯಿರಿ. ಬ್ರಿಟಿಷ್ ಕೌನ್ಸಿಲ್ ಮತ್ತು ಐಡಿಪಿ ಜಾಲತಾಣಗಳಲ್ಲಿ ಮಾದರಿ ಪ್ರಶ್ನೆಗಳು ಉಚಿತವಾಗಿ ಸಿಗುತ್ತವೆ. ಕಂಪ್ಯೂಟರ್ ಪರೀಕ್ಷೆಯಲ್ಲಿ ಪರದೆಯ ಒಂದು ಬದಿ ಗದ್ಯ, ಇನ್ನೊಂದು ಬದಿ ಪ್ರಶ್ನೆ ಇರುತ್ತದೆ, ಆದ್ದರಿಂದ ಪರದೆಯ ಮೇಲೆ ಓದುವುದನ್ನೂ ರೂಢಿಸಿಕೊಳ್ಳಿ. ಅಂಕ ಎಣಿಸಿ ಬಿಟ್ಟುಬಿಡಬೇಡಿ. ಪ್ರತಿ ತಪ್ಪಿನ ಮುಂದೆ ಕಾರಣ ಬರೆಯಿರಿ: ಪದ ಗೊತ್ತಿರಲಿಲ್ಲವೇ, ಸಮಯ ಸಾಲಲಿಲ್ಲವೇ, ಊಹಿಸಿದಿರಾ? ಮನೆಯ ಅಭ್ಯಾಸದಲ್ಲಿ ಬೇಕಾದ ಬ್ಯಾಂಡ್ ಸತತವಾಗಿ ಬರತೊಡಗಿದ ಮೇಲೆ ಶುಲ್ಕ ಕಟ್ಟಿ. ಪಾಸ್‌ಪೋರ್ಟ್ ಮೊದಲೇ ಮಾಡಿಸಿಡಿ. ಫಲಿತಾಂಶ ಸಾಮಾನ್ಯವಾಗಿ ಎರಡು ವರ್ಷ ಮಾತ್ರ ನಡೆಯುವುದರಿಂದ ತೀರಾ ಬೇಗ ಬರೆಯುವುದೂ ನಷ್ಟವೇ.

ಅಡ್ಡದಾರಿ ಬೇಡ

ಪರೀಕ್ಷೆಯಿಲ್ಲದೆ ಬ್ಯಾಂಡ್ ಕೊಡಿಸುತ್ತೇವೆ ಎನ್ನುವವರಿದ್ದಾರೆ. ಪರೀಕ್ಷಾ ಕೇಂದ್ರದಲ್ಲಿ ಫೋಟೋ, ಬೆರಳಚ್ಚು ತೆಗೆದುಕೊಳ್ಳುತ್ತಾರೆ. ವಿಶ್ವವಿದ್ಯಾಲಯಗಳು ಫಲಿತಾಂಶವನ್ನು ನೇರವಾಗಿ ತಾಳೆ ನೋಡುತ್ತವೆ. ನಕಲಿ ಪತ್ರ ಸಿಕ್ಕಿಬಿದ್ದರೆ ಹಣವೂ ಹೋಗಿ ವೀಸಾದ ದಾರಿಯೂ ಮುಚ್ಚಬಹುದು. ಧಾನ್ಯದ ರಾಶಿಯೊಳಗೆ ಕೈಯಿಟ್ಟು, ಒದ್ದೆ ಕಾಳನ್ನು ಕೆಳಗೆ ಮುಚ್ಚಿಟ್ಟಿದ್ದ ವ್ಯಾಪಾರಿಯನ್ನು ಪ್ರವಾದಿ(ಸ) ಎಚ್ಚರಿಸಿದ ಘಟನೆ ನಮಗೆಲ್ಲ ಗೊತ್ತು. ನಕಲಿ ಅಂಕಪತ್ರವೂ ಹಾಗೆ ಮುಚ್ಚಿಟ್ಟ ಒದ್ದೆ ಕಾಳೇ. ಔಷಧಿಯ ಚೀಟಿ ಸರಿಯಾಗಿ ಓದಲಾರದ ನರ್ಸ್ ಕೈಯಲ್ಲಿ ರೋಗಿಯ ಜೀವವಿದ್ದರೆ ಅದರ ಹೊಣೆ ಯಾರದು?

ಹಿರಿಯರಿಗೊಂದು ಮಾತು. ಮಗಳು ಓದಲು ಕುಳಿತ ಆ ಅರ್ಧ ಗಂಟೆ ಅವಳನ್ನು ಚಹಾ ಮಾಡಲು ಕರೆಯಬೇಡಿ. ಮನೆಯಲ್ಲಿರುವುದು ಒಂದೇ ಮೊಬೈಲ್ ಆದರೆ ಆ ಹೊತ್ತು ಅದು ಅವಳ ಕೈಯಲ್ಲಿರಲಿ. ಮಸೀದಿ ಕಮಿಟಿಯವರು ಮದ್ರಸಾದ ಒಂದು ಕೋಣೆಯಲ್ಲಿ ಇಂಗ್ಲಿಷ್ ಪತ್ರಿಕೆ, ಒಂದು ಗೋಡೆ ಗಡಿಯಾರ ಇಟ್ಟು, ವಾರಕ್ಕೊಮ್ಮೆ ಹುಡುಗರಿಗೂ ಹುಡುಗಿಯರಿಗೂ ಬೇರೆ ಬೇರೆ ಹೊತ್ತಿನಲ್ಲಿ ಅಭ್ಯಾಸಕ್ಕೆ ಬಿಟ್ಟುಕೊಡಬಹುದು. ಆಳಂದ ತಾಲೂಕಿನ ಕಡಗಂಚಿಯಲ್ಲೇ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಅಲ್ಲಿ ಓದುವ ನಮ್ಮ ಮಕ್ಕಳು ಊರಿಗೆ ಬಂದಾಗ ಒಂದು ತಾಸು ಕಿರಿಯರ ಜೊತೆ ಕುಳಿತರೆ ಸಾಕು.

ಪ್ರಯತ್ನ ನಮ್ಮದು, ಫಲ ಕೊಡುವವನು ಅಲ್ಲಾಹನು. ಓದುವ ನಮ್ಮ ಮಕ್ಕಳಿಗೆಲ್ಲ ಅವನು ಪ್ರಯೋಜನಕಾರಿ ಜ್ಞಾನವನ್ನೂ ಹಲಾಲ್ ಸಂಪಾದನೆಯನ್ನೂ ಕರುಣಿಸಲಿ. ಆಮೀನ್.