ಪರಸಮಾಜದ ಅಧ್ಯಯನವೂ ಸ್ವಸಮಾಜದ ದರ್ಶನವೂ

ಮಾನವಶಾಸ್ತ್ರವೆಂದರೆ ಕಡಲಾಚೆಯ ದ್ವೀಪವಾಸಿಗಳ ಆಚಾರಗಳ ವರ್ಣನೆ, ಸಮಾಜಶಾಸ್ತ್ರವೆಂದರೆ ನಾಗರಿಕ ರಾಷ್ಟ್ರಗಳ ವ್ಯವಸ್ಥೆಯ ವಿಚಾರ ಎಂಬ ವಿಭಾಗವೊಂದು ಪಾಶ್ಚಾತ್ಯ ವಿಶ್ವವಿದ್ಯಾನಿಲಯಗಳಲ್ಲಿ ಬಹುಕಾಲ ರೂಢಿಯಲ್ಲಿದ್ದಿತು. ಅಲ್ಲಿಯ ವಿದ್ಯಾರ್ಥಿಗೆ ಇದರಿಂದ ತೊಡಕಿರಲಿಲ್ಲ. ‘ನಾವು’ ಯಾರು, ‘ಅವರು’ ಯಾರು ಎಂಬುದು ಅವನಿಗೆ ಮೊದಲೇ ನಿಶ್ಚಿತವಾಗಿದ್ದಿತು. ಭಾರತದಿಂದ ಹೋದ ವಿದ್ಯಾರ್ಥಿಯ ಸ್ಥಿತಿ ಬೇರೆ. ಅವನು ಓದುವ ಗ್ರಂಥಗಳಲ್ಲಿ ‘ಅವರು’ ಎಂದು ವರ್ಣಿತರಾದವರು ಅನೇಕ ವೇಳೆ ಅವನ ನೆರೆಹೊರೆಯವರೇ. ಇಂತಹವನು ಒಂದು ಸಂಸ್ಕೃತಿಯಲ್ಲಿ ಹುಟ್ಟಿ, ಇನ್ನೊಂದರಲ್ಲಿ ಕಲಿತು, ಮತ್ತೊಂದನ್ನು ಅರಿಯಹೊರಟಾಗ ಶಾಸ್ತ್ರಕ್ಕೂ ಅವನ ನುಡಿಗೂ ಏನಾಗುತ್ತದೆಂಬುದನ್ನು ಮೈಸೂರಿನ ಎಂ. ಎನ್. ಶ್ರೀನಿವಾಸರ (೧೯೧೬–೧೯೯೯) ವ್ಯಾಸಂಗಕ್ರಮದಿಂದ ವಿಚಾರಮಾಡುವುದು ಪ್ರಕೃತ ಲೇಖನದ ಉದ್ದೇಶ.

ಶ್ರೀನಿವಾಸರು ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಸಮಾಜತತ್ತ್ವವನ್ನು ಓದಿ ೧೯೩೬ರಲ್ಲಿ ಆನರ್ಸ್ ಪದವಿಯನ್ನು ಪಡೆದು ಮುಂಬಯಿಗೆ ಹೋದರು. ಅಲ್ಲಿಯ ಆಚಾರ್ಯರು ಜಿ. ಎಸ್. ಘುರ್ಯೆಯವರು. ಘುರ್ಯೆಯವರ ಗುರುಗಳಲ್ಲೊಬ್ಬರು ಕೇಂಬ್ರಿಜ್ಜಿನ ರಿವರ್ಸ್. ನೀಲಗಿರಿಯ ತೋಡರನ್ನು ಕುರಿತು ೧೯೦೬ರಲ್ಲಿ ಗ್ರಂಥ ಬರೆದವರು. ನೀಲಗಿರಿಯಿಂದ ಕೇಂಬ್ರಿಜ್ಜಿಗೂ, ಅಲ್ಲಿಂದ ಮುಂಬಯಿಗೂ, ಮುಂಬಯಿಯಿಂದ ನೀಲಗಿರಿಗೆ ದೂರವಲ್ಲದ ಕೊಡಗಿಗೂ ಈ ವಿದ್ಯೆ ಸುತ್ತುಬಳಸಿ ಬಂದಿತೆನ್ನಬೇಕು. ಘುರ್ಯೆಯವರದು ಸಂಗ್ರಹಪ್ರಧಾನವಾದ ಪದ್ಧತಿ. ಅದರಂತೆ ಶಿಷ್ಯರು ಮೈಸೂರಿನ ವಿವಾಹ ಮತ್ತು ಕುಟುಂಬಗಳ ಮೇಲಣ ಗ್ರಂಥವನ್ನು ೧೯೪೨ರಲ್ಲಿ ಪ್ರಕಟಿಸಿ, ಅನಂತರ ಕೊಡವರನ್ನು ಕುರಿತು ಬಹು ವಿಸ್ತಾರವಾದ ಪ್ರಬಂಧವೊಂದನ್ನು ಸಿದ್ಧಪಡಿಸಿದರು.

೧೯೪೫ರಲ್ಲಿ ಅವರು ಆಕ್ಸ್‌ಫರ್ಡಿಗೆ ಹೋದಾಗ ನಡೆದ ಸಂಗತಿ ವಿಚಾರಾರ್ಹವಾದುದು. ಅಂಡಮಾನ್ ದ್ವೀಪಗಳಲ್ಲಿ ತಮ್ಮ ಸಂಶೋಧನೆಯನ್ನು ಆರಂಭಿಸಿದ್ದ ರ್‍ಯಾಡ್‌ಕ್ಲಿಫ್ ಬ್ರೌನ್ ಅವರು ಆಗ ಅಲ್ಲಿ ಪ್ರಾಧ್ಯಾಪಕರಾಗಿದ್ದರು. ಅವರು ಹೊಸ ಸಾಮಗ್ರಿಯನ್ನು ತರಲು ಹೇಳಲಿಲ್ಲ. ಇದ್ದ ಸಾಮಗ್ರಿಯನ್ನೇ ಬೇರೊಂದು ಪ್ರಶ್ನೆಗೆ ಒಡ್ಡಲು ಹೇಳಿದರು. ಈ ಆಚಾರ ಎಲ್ಲಿಂದ ಬಂದಿತೆಂಬ ಪ್ರಶ್ನೆ ಹೋಗಿ, ಈ ಆಚಾರ ಈ ಜನರನ್ನು ಹೇಗೆ ಒಂದಾಗಿ ಕಟ್ಟಿದೆಯೆಂಬ ಪ್ರಶ್ನೆ ಬಂದಿತು. ೧೯೪೬ರಲ್ಲಿ ಅವರ ಸ್ಥಾನಕ್ಕೆ ಬಂದ ಇವಾನ್ಸ್ ಪ್ರಿಚರ್ಡ್ ಅವರ ಬಳಿ ಪ್ರಬಂಧ ಪೂರ್ಣವಾಗಿ, ೧೯೫೨ರಲ್ಲಿ ಕೊಡವರ ಧರ್ಮ ಮತ್ತು ಸಮಾಜವನ್ನು ಕುರಿತ ಪ್ರಸಿದ್ಧ ಗ್ರಂಥವಾಗಿ ಹೊರಬಂದಿತು. ಜನರು ಅವರೇ, ಆಚಾರಗಳು ಅವೇ. ಎರಡು ವಿಶ್ವವಿದ್ಯಾನಿಲಯಗಳಲ್ಲಿ ಎರಡು ಬೇರೆ ಪ್ರಬಂಧಗಳಾದವು.

ಸಾಹಿತ್ಯವನ್ನು ಬೋಧಿಸುವವರು ಈ ಗ್ರಂಥದಲ್ಲಿ ವಿಶೇಷವಾಗಿ ಗಮನಿಸಬೇಕಾದುದು ಶಬ್ದಗಳನ್ನು. ಇಂಗ್ಲಿಷಿನ ಸಿದ್ಧಾಂತ ಕೊಡಗಿನ ಮೇಲೆ ಎರಗಿದಾಗ ಕೆಲವು ಮಾತುಗಳು ಜಗ್ಗದೆ ನಿಂತುಬಿಟ್ಟವು. ‘ಒಕ್ಕ’ ಎಂಬುದನ್ನು ಕುಟುಂಬವೆಂದು ಭಾಷಾಂತರಿಸಿದರೆ ಸಾಲದು; ಅದು ತಂದೆಯ ವಂಶದಲ್ಲಿ ನಡೆದುಬಂದ, ಒಂದೇ ಆಸ್ತಿಗೂ ಒಂದೇ ಪಿತೃಪೂಜೆಗೂ ಸೇರಿದ ಸಮೂಹ. ನಮ್ಮ ‘ಒಕ್ಕಲು’ ಅದರ ದಾಯಾದಿಯಾದರೂ ಅರ್ಥದಲ್ಲಿ ಬಹುದೂರ ಹೋಗಿದೆ. ‘ಮಂಗಲ’ವೂ ಹಾಗೆಯೇ. ಕನ್ನಡ ಬಲ್ಲವನು ಅದನ್ನು ಮದುವೆಯೆಂದೋ ಶುಭವೆಂದೋ ತಿಳಿದು ಮುಂದೆ ಹೋದಾನು. ಕೊಡವರಲ್ಲಾದರೋ ಹುಲಿಯನ್ನು ಕೊಂದವನಿಗೂ ಮಂಗಲವುಂಟು. ಅದರ ಹೆಸರು ‘ನರಿಮಂಗಲ’. ಕೊಡವ ನುಡಿಯಲ್ಲಿ ‘ನರಿ’ಯೆಂದರೆ ಹುಲಿ! ಬೇಟೆಗಾರನು ಮದುವಣಿಗನಂತೆ ಕುಳಿತು ನೆಂಟರಿಷ್ಟರಿಂದ ಅಕ್ಷತೆಯನ್ನೂ ಕಾಣಿಕೆಯನ್ನೂ ಪಡೆಯುತ್ತಿದ್ದನು. ಮದುವೆಗೂ ಹುಲಿಬೇಟೆಗೂ ಸಾಮಾನ್ಯವಾದುದೇನೆಂದು ಕೇಳಿದರೆ, ಎರಡರಲ್ಲಿಯೂ ಒಬ್ಬನ ಸಾಮಾಜಿಕ ಸ್ಥಾನ ಏರುತ್ತದೆ, ಆ ಏರಿಕೆಗೆ ಸಮಾಜ ಸಾಕ್ಷಿಯಾಗುತ್ತದೆ ಎಂಬ ಉತ್ತರ ದೊರೆಯುವುದು. ಈ ಉತ್ತರ ಹೊರಗಿನ ಶಾಸ್ತ್ರದ ಫಲ. ಒಳಗಿನ ಶಬ್ದವನ್ನು ಬಿಡದೆ ಹಿಡಿದುದರಿಂದಲೇ ಅದು ಕೈಗೆ ಬಂದಿತು. ನಡಿಕೇರಿಯಂಡ ಚಿಣ್ಣಪ್ಪನವರು ಕನ್ನಡ ಲಿಪಿಯಲ್ಲಿ ೧೯೨೪ರಲ್ಲಿ ಅಚ್ಚುಮಾಡಿಸಿದ ‘ಪಟ್ಟೋಲೆ ಪಳಮೆ’ಯ ಹಾಡುಗಳು ಇಲ್ಲಿ ಒದಗಿದ ಉಪಕಾರ ಅಲ್ಪವಲ್ಲ.

‘ಪೊಲೆ’ ಮತ್ತು ‘ಮಡಿ’ ಎಂಬ ಜೋಡಿ ಇನ್ನೂ ಸೂಕ್ಷ್ಮ. ಹಳಗನ್ನಡ ಓದಿದವರಿಗೆ ‘ಪೊಲೆ’ ಪರಿಚಿತವೇ. ಇದನ್ನು ಕೊಳೆಯೆಂದು ಅರ್ಥಮಾಡಿದರೆ ಎಲ್ಲವೂ ಕೆಟ್ಟಿತು. ಅಗಸನು ಒಗೆದು ತಂದ ಬಿಳಿಯ ಬಟ್ಟೆ ಮಡಿಯಲ್ಲ. ಮನೆಯಲ್ಲಿ ಹಿಂಡಿ ಯಾರೂ ಮುಟ್ಟದಂತೆ ಒಣಗಿಸಿದ ಹಳೆಯ ಪಂಚೆ ಮಡಿ. ಸಾವಿನಂತೆ ಸಂತೋಷದ ಜನನವೂ ಸೂತಕವನ್ನು ತರುತ್ತದೆ. ನಮ್ಮ ಮನೆಗಳಲ್ಲಿ ಮಕ್ಕಳಿಗೂ ತಿಳಿದಿದ್ದ ಈ ಭೇದ ಶಾಸ್ತ್ರವಿಷಯವೆಂದು ನಮಗೆ ತೋರಿರಲಿಲ್ಲ. ಅತಿಪರಿಚಯವೂ ಒಂದು ಬಗೆಯ ಕುರುಡೇ ಸರಿ.

ಆದಕಾರಣ ಪರಸಂಸ್ಕೃತಿಯೆಂಬುದು ಹಡಗು ಹತ್ತಿದ ಮೇಲೆಯೇ ಆರಂಭವಾಗುವುದಿಲ್ಲ. ಮೈಸೂರಿನ ತಮ್ಮ ಮನೆಯ ಹಿತ್ತಿಲ ಗೋಡೆಯ ಆಚೆಗಿದ್ದ, ಕುರುಬರು ವಾಸಿಸುತ್ತಿದ್ದ ಬಂಡಿಕೇರಿಯಲ್ಲಿಯೇ ತಮಗೆ ಮೊದಲ ಬಾರಿ ಅನ್ಯಸಂಸ್ಕೃತಿಯ ಆಘಾತವಾಯಿತೆಂದು ಶ್ರೀನಿವಾಸರು ಬರೆದಿದ್ದಾರೆ. ಮಾನವಶಾಸ್ತ್ರಜ್ಞನು ಅನ್ಯರ ಅಧ್ಯಯನದಿಂದ ದ್ವಿಜನಾಗಿ, ತನ್ನವರ ಕಡೆಗೆ ಮರಳಿ ಮೂರನೆಯ ಜನ್ಮ ಪಡೆಯಬೇಕೆಂಬುದು ಅವರ ಮತ. ೧೯೪೮ರಲ್ಲಿ ಅವರು ಮೈಸೂರಿಗೆ ಸಮೀಪದ ಹಳ್ಳಿಯೊಂದಕ್ಕೆ ಹೋಗಿ, ಗೌಡರ ಎತ್ತುಗಳನ್ನು ಕಟ್ಟುತ್ತಿದ್ದ ಮನೆಯಲ್ಲಿ ಬಿಡಾರಮಾಡಿದುದು ಈ ಮೂರನೆಯ ಜನ್ಮಕ್ಕಾಗಿ. ಆ ಹಳ್ಳಿಗೆ ಅವರಿಟ್ಟ ಹೆಸರು ರಾಮಪುರ. ೧೯೭೦ರ ಏಪ್ರಿಲಿನಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ದುಷ್ಕರ್ಮಿಗಳು ಹಚ್ಚಿದ ಬೆಂಕಿಗೆ ಅವರು ವಿಂಗಡಿಸಿ ಸಿದ್ಧಗೊಳಿಸಿದ್ದ ಟಿಪ್ಪಣಿಗಳು ಆಹುತಿಯಾದವು. ಸ್ಮರಣೆಯನ್ನೇ ಮುಖ್ಯವಾಗಿ ಆಶ್ರಯಿಸಿ ಬರೆದ ಗ್ರಂಥ ೧೯೭೬ರಲ್ಲಿ ಪ್ರಕಟವಾಗಿ, ಅವರ ಕೃತಿಗಳಲ್ಲೆಲ್ಲ ಹೆಚ್ಚು ಜನ ಓದುವಂತಹುದಾಯಿತು.

ಈ ಗ್ರಂಥದ ಮೇಲಣ ಆಕ್ಷೇಪವನ್ನೂ ಹೇಳದೆ ಬಿಡಲಾಗದು. ಬ್ರಾಹ್ಮಣರಾಗಿ, ಗೌಡರ ಅತಿಥಿಯಾಗಿ ನೆಲೆಸಿದವರಿಗೆ ಊರಿನ ಎಲ್ಲ ಬಾಗಿಲುಗಳೂ ಸಮನಾಗಿ ತೆರೆಯಲಿಲ್ಲ. ಅವರು ಕಂಡ ರಾಮಪುರ ಬಹುಮಟ್ಟಿಗೆ ಮೇಲುಜಾತಿಯವರ ಜಗಲಿಯಿಂದ ಕಾಣುವ ರಾಮಪುರ; ಅವರು ಪ್ರಚುರಪಡಿಸಿದ ‘ಸಂಸ್ಕೃತೀಕರಣ’ವೆಂಬ ತತ್ತ್ವವೂ ಕೆಳಗಿನವರು ಮೇಲಿನವರನ್ನು ಅನುಸರಿಸುವುದನ್ನು ಕಂಡಷ್ಟು ಸ್ಪಷ್ಟವಾಗಿ, ಅವರನ್ನು ಧಿಕ್ಕರಿಸುವುದನ್ನು ಕಾಣುವುದಿಲ್ಲ. ಈ ಆಕ್ಷೇಪ ನ್ಯಾಯವಾದುದೆಂದೇ ನಮಗೆ ತೋರುತ್ತದೆ. ಅಸ್ಪೃಶ್ಯರೆನಿಸಿದವರ ಕೇರಿಯಲ್ಲಿ ಹುಟ್ಟಿದ ವಿದ್ಯಾರ್ಥಿಯೊಬ್ಬನು ಆಕ್ಸ್‌ಫರ್ಡಿನಿಂದಲೋ ಮುಂಬಯಿಯಿಂದಲೋ ಅದೇ ಊರಿಗೆ ಮರಳಿ ಬಂದಿದ್ದರೆ, ಅವನ ಗ್ರಂಥದಲ್ಲಿ ‘ಮಡಿ’ ‘ಪೊಲೆ’ಗಳ ವಿವರಣೆ ದೇವರಮನೆಯಿಂದ ಮೊದಲಾಗುತ್ತಿರಲಿಲ್ಲ, ಊರಬಾವಿಯಿಂದ ಮೊದಲಾಗುತ್ತಿದ್ದಿತು.